ಮಾಗಿ ಚಳಿಯ ಊರಿನಿಂದ ಹಿಮದ ಊರಿಗೆ

ಹಾಸನದವರಿಗೆ ತಮ್ಮೂರ ಚಳಿ ಅಂದ್ರೆ ಸ್ವಲ್ಪ ಹೆಮ್ಮೆ ಜಾಸ್ತಿ. ‘ಬಡವರ ಊಟಿ’ ಅನ್ನೋ ಹೆಸರು ಬೇರೆ ಇದೆ. ವೀಕೆಂಡಿಗೆ ಬೆಂಗಳೂರಿಂದ ಬಂದವರು ಡಿಸೆಂಬರ್ ಬೆಳಗ್ಗೆ ಬಸ್‌ಸ್ಟ್ಯಾಂಡಲ್ಲಿ ಇಳಿದ ಕೂಡಲೇ ಕೈ ಉಜ್ಜಿಕೊಂಡು ಬಿಸಿ ಕಾಫಿ ಹುಡುಕುತ್ತಾರೆ. ಅರಕಲಗೂಡು ಕಡೆಯ ಹೊಲಗಳಲ್ಲಿ ಎಂಟು ಗಂಟೆಯಾದರೂ ಕಾವಳ ಸರಿದಿರುವುದಿಲ್ಲ. ಇಬ್ಬನಿ ಬಿದ್ದ ಅವರೆಕಾಯಿಗೆ ಆಗ ತಾನೇ ಸೊಗಡು ಏರಿರುತ್ತೆ. ಈ ಚಳಿಯಲ್ಲಿ ಹುಟ್ಟಿ ಬೆಳೆದವರಿಗೆ ಲಡಾಖ್ ಟ್ರಿಪ್ಪೋ ಹಿಮಾಲಯದ ಚಾರಣವೋ ಪ್ಲ್ಯಾನ್ ಮಾಡುವಾಗ ಒಂದು ಧೈರ್ಯ ತಾನಾಗೇ ಬರುತ್ತದೆ: ‘ನಮ್ಗೇನ್ ಚಳಿ ಹೊಸದಾ?’

ಹೊಸದು. ನಾವು ಕಂಡಿರುವ ಚಳಿಗೂ ಹಿಮಪರ್ವತದ ಚಳಿಗೂ ಹೆಸರೊಂದೇ ಸಮಾನ. ನಮ್ಮಲ್ಲಿ ಚಳಿ ಅಂದರೆ ಸ್ವೆಟರ್ ಹಾಕಿಕೊಳ್ಳುವ ಮಾತು. ಅಲ್ಲಿ ಅದು ನೀರು, ಅಡುಗೆ, ಉಸಿರು, ನಿದ್ದೆ, ದಾರಿ ಎಲ್ಲವನ್ನೂ ಆಳುವ ದೊರೆ. ಆ ದೊರೆಯ ಸ್ವಭಾವ ತಿಳಿಯದೆ ಹೋಗುವುದು ಎಷ್ಟು ದುಬಾರಿ ಅನ್ನೋದನ್ನ ಕರ್ನಾಟಕ 2024ರ ಜೂನ್‌ನಲ್ಲಿ ನೋಡಿದೆ. ತಿಳಿದು, ತಯಾರಾಗಿ ಹೋದವರನ್ನೂ ಅದು ಬಿಡುವುದಿಲ್ಲ ಅನ್ನೋದನ್ನ ಹಾಸನ 2016ರ ಫೆಬ್ರುವರಿಯಲ್ಲಿ ನೋಡಿದೆ.

ನಮ್ಮ ಚಳಿ ಎಷ್ಟು ಚಳಿ?

ಹಾಸನ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 970 ಮೀಟರ್ ಎತ್ತರದಲ್ಲಿದೆ. ಅದಕ್ಕೇ ಬೇಸಿಗೆಯಲ್ಲೂ ಸಂಜೆ ತಂಪು. ಡಿಸೆಂಬರ್, ಜನವರಿ ರಾತ್ರಿ ಪಾದರಸ 12–14 ಡಿಗ್ರಿಗೆ ಇಳಿದರೆ ‘ಈ ಸಲ ಚಳಿ ಜೋರು’ ಅಂತೀವಿ. ಸಂಕ್ರಾಂತಿ ದಾಟಿ, ಶಿವರಾತ್ರಿ ಹೊತ್ತಿಗೆ ‘ಶಿವ ಶಿವ’ ಅಂತ ಅದೂ ಹೊರಟುಹೋಗುತ್ತೆ.

ಒಂದೇ ಜಿಲ್ಲೆಯಾದರೂ ಹವೆ ಒಂದೇ ಅಲ್ಲ. ಸಕಲೇಶಪುರದ ಕಡೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿದರೆ, ಪೂರ್ವಕ್ಕೆ ಚನ್ನರಾಯಪಟ್ಟಣ ಮುಟ್ಟುವಷ್ಟರಲ್ಲಿ ಅದು ಏಳುನೂರರ ಆಸುಪಾಸಿಗೆ ಇಳಿದು ತೆಂಗಿನ ಸೀಮೆ ಶುರುವಾಗುತ್ತೆ. ನಡುವೆ ಅರಕಲಗೂಡಿನ ಆಲೂಗಡ್ಡೆ, ಹೊಗೆಸೊಪ್ಪು. ಗೊರೂರಿನ ಅಣೆಕಟ್ಟು ದಾಟಿ ಹೊಳೆನರಸೀಪುರದ ಮಗ್ಗುಲಲ್ಲೇ ಹರಿಯುವ ಹೇಮಾವತಿ. ಆ ನದಿಯ ಹೆಸರಲ್ಲಿ ‘ಹೇಮ’ ಇದೆ, ಹಿಮ ಇಲ್ಲ. ಮುಂಗಾರು ಸುರಿದರಷ್ಟೇ ಅವಳು ತುಂಬುತ್ತಾಳೆ.

ನಮ್ಮ ಮಾತಿನಲ್ಲೇ ನೋಡಿ. ಇಬ್ಬನಿ ಇದೆ, ಕಾವಳ ಇದೆ, ಮಂಜು ಇದೆ. ಆಕಾಶದಿಂದ ಹತ್ತಿಯ ಹಾಗೆ ಉದುರುವ ವಸ್ತುವಿಗೆ ಮಾತ್ರ ಮನೆಮಾತಿನ ಹೆಸರಿಲ್ಲ. ಸಂಸ್ಕೃತದ ‘ಹಿಮ’ವನ್ನು ತಂದುಕೊಂಡಿದ್ದೇವೆ, ಇಲ್ಲವೇ ಮಂಜನ್ನೇ ಎಳೆದು ಅದಕ್ಕೂ ಹೊದಿಸಿದ್ದೇವೆ. ಕಾಣದ್ದಕ್ಕೆ ಹೆಸರಿಡೋರು ಯಾರು? ಮೇಲಿಂದ ಬೀಳುವ ಗಡ್ಡೆಯನ್ನು ನಾವು ಕಂಡಿರುವುದು ಒಂದೇ ರೂಪದಲ್ಲಿ. ಅದು ಆಲಿಕಲ್ಲು.

ಹಿಮ ಇರುವುದು ನೆತ್ತಿಯ ಮೇಲೆಯೇ

ಏಪ್ರಿಲ್, ಮೇ ತಿಂಗಳ ಸುಡುಬಿಸಿಲಲ್ಲಿ ಚನ್ನರಾಯಪಟ್ಟಣದ ತೋಟಕ್ಕೆ ಆಲಿಕಲ್ಲು ಬಿತ್ತು ಅಂದರೆ ಆ ಮಂಜುಗಡ್ಡೆ ಬಂದಿದ್ದೆಲ್ಲಿಂದ? ತೋಟದ ಮೇಲಿನ ಆಕಾಶದಿಂದಲೇ.

ಎತ್ತರಕ್ಕೆ ಹೋದಂತೆ ಗಾಳಿ ತಣ್ಣಗಾಗುತ್ತದೆ. ಸರಾಸರಿ ಲೆಕ್ಕದಲ್ಲಿ ಪ್ರತಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಇಳಿತ. ಹಾಸನದಲ್ಲಿ ಮಧ್ಯಾಹ್ನ 28 ಡಿಗ್ರಿ ಇದೆ ಅಂದುಕೊಳ್ಳಿ. ನೆಟ್ಟಗೆ ನಾಲ್ಕೂಕಾಲು ಕಿಲೋಮೀಟರ್ ಮೇಲೆ ಹೋದರೆ ಸೊನ್ನೆ ಡಿಗ್ರಿ. ಹಾಸನದಿಂದ ಹೊಳೆನರಸೀಪುರಕ್ಕಿರುವ ದೂರದ ಕಾಲುಭಾಗವೂ ಅಲ್ಲ. ಹಿಮದ ಸೀಮೆ ಅಷ್ಟು ಹತ್ತಿರದಲ್ಲೇ ಇದೆ. ಅಲ್ಲಿ ಹೋಗಿ ನಿಲ್ಲೋಕೆ ನಮಗೆ ಬೆಟ್ಟ ಇಲ್ಲ, ಅಷ್ಟೆ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೂ 1,930 ಮೀಟರಿಗೇ ಮುಗಿದುಹೋಗುತ್ತದೆ. ಸಮಭಾಜಕ ವೃತ್ತದ ಪಕ್ಕದಲ್ಲೇ ಇದ್ದರೂ ಆಫ್ರಿಕಾದ ಕಿಲಿಮಂಜಾರೋ ತಲೆಯ ಮೇಲೆ ಹಿಮ ಇರುವುದು ಅದು 5,895 ಮೀಟರ್ ಇರುವುದರಿಂದ.

ಹಿಮಾಲಯಕ್ಕೆ ಈ ಎತ್ತರದ ಜೊತೆಗೆ ಉತ್ತರದ ಅಕ್ಷಾಂಶವೂ ಸೇರುತ್ತದೆ. ಹಾಸನ 13 ಡಿಗ್ರಿ ಉತ್ತರದಲ್ಲಿದ್ದರೆ ಲೇಹ್ ಇರುವುದು 34ರಲ್ಲಿ. ಚಳಿಗಾಲದಲ್ಲಿ ಅಲ್ಲಿ ಸೂರ್ಯ ಓರೆಯಾಗಿ ಬೆಳಗಿ ಬೇಗ ಮುಳುಗುತ್ತಾನೆ. ಹಗಲು ಹತ್ತು ಗಂಟೆಯ ಆಸುಪಾಸು. ಉಳಿದ ಹದಿನಾಲ್ಕು ಗಂಟೆ ನೆಲ ತನ್ನ ಬಿಸಿಯನ್ನು ತೆಳುಗಾಳಿಗೆ, ಮೋಡವಿಲ್ಲದ ಆಕಾಶಕ್ಕೆ ಬಿಟ್ಟುಕೊಡುತ್ತಲೇ ಇರುತ್ತದೆ.

ಹಿಮ ಇದೆ, ನೀರಿಲ್ಲ

ಫೋಟೋದಲ್ಲಿ ಬಿಳಿ ಬೆಟ್ಟ ನೋಡಿ ಲಡಾಖ್ ಅಂದರೆ ನೀರಿನ ಸಮೃದ್ಧಿ ಅಂದುಕೊಂಡರೆ ತಪ್ಪಾದೀತು. 3,500 ಮೀಟರ್ ಎತ್ತರದ ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ ಸುಮಾರು ನೂರು ಮಿಲಿಮೀಟರ್. ಅಂದರೆ ನಾವು ಬರದ ಸೀಮೆ ಅಂತ ಗೊಣಗುವ ಚನ್ನರಾಯಪಟ್ಟಣದ ಏಳರಲ್ಲೊಂದು ಪಾಲು. ಅದು ಮರುಭೂಮಿ. ಆದರೆ ತಣ್ಣನೆಯದು.

ಕಾರಣ ಸುಲಭ. ನಮಗೆ ಮಳೆ ತರುವ ಮುಂಗಾರಿನ ಮೋಡಗಳನ್ನು ಹಿಮಾಲಯದ ಗೋಡೆ ಇತ್ತಕಡೆಯೇ ತಡೆದು ಹಿಂಡಿಬಿಡುತ್ತದೆ. ಬೆಟ್ಟ ದಾಟುವ ಹೊತ್ತಿಗೆ ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಸಕಲೇಶಪುರದಲ್ಲಿ ಸುರಿದು ಚನ್ನರಾಯಪಟ್ಟಣಕ್ಕೆ ಬರುವಾಗ ಖಾಲಿಯಾಗುವ ಅದೇ ಮೋಡದ ಕಥೆ, ನೂರು ಪಟ್ಟು ದೊಡ್ಡ ಗೋಡೆಯ ಮುಂದೆ. ಚಳಿಗಾಲದ ಹಿಮವನ್ನು ತರುವುದು ಬೇರೆಯದೇ ವ್ಯವಸ್ಥೆ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಆಫ್ಘಾನಿಸ್ತಾನ ದಾಟಿ ಬರುವ, ಟಿವಿಯವರು ‘ವೆಸ್ಟರ್ನ್ ಡಿಸ್ಟರ್ಬೆನ್ಸ್’ ಅನ್ನುವ ಅಲೆಗಳು ಅವು.

ಜನವರಿ ರಾತ್ರಿ ಲೇಹ್‌ನಲ್ಲಿ ಮೈನಸ್ 15 ಸಾಮಾನ್ಯ. ಕೆಲವೊಮ್ಮೆ ಮೈನಸ್ 20ರ ಕೆಳಗೂ ಹೋಗುತ್ತದೆ. ನಲ್ಲಿಯ ಪೈಪಿನೊಳಗೆ ನೀರು ಗಡ್ಡೆಯಾಗುತ್ತದೆ. ಬೇಸಾಯಕ್ಕೆ ಸಿಗುವುದು ಬೇಸಿಗೆಯ ಕೆಲವೇ ತಿಂಗಳು. ಬಾರ್ಲಿ, ಗೋಧಿ, ಬಟಾಣಿ ಒಂದು ಬೆಳೆ ತೆಗೆದರೆ ಮುಗಿಯಿತು. ಅದಕ್ಕೂ ಮೇಲಿನ ಹಿಮ ಕರಗಿ ಬರುವ ನೀರೇ ಗತಿ.

ಆ ನೀರನ್ನು ಹಂಚಲು ಅಲ್ಲಿನ ಹಳ್ಳಿಗಳಲ್ಲಿ ‘ಚುರ್ಪೋನ್’ ಅನ್ನುವ ವ್ಯಕ್ತಿಯನ್ನು ನೇಮಿಸುತ್ತಾರೆ. ಯಾರ ಹೊಲಕ್ಕೆ ಯಾವತ್ತು, ಎಷ್ಟು ಹೊತ್ತು ನೀರು ಅನ್ನೋದು ಅವನ ಮಾತು. ಹಾಸನ ಸೀಮೆಯ ಹಳಬರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಅವನು ನಮ್ಮ ಕೆರೆಯ ನೀರಗಂಟಿಯೇ. ಕೆರೆಯೊಂದು ಬೆಟ್ಟದ ಮೇಲೆ ಗಡ್ಡೆಯಾಗಿ ಕೂತಿದೆ ಅಷ್ಟೆ.

ಕಷ್ಟ ಏನೆಂದರೆ, ಬಿತ್ತನೆಗೆ ನೀರು ಬೇಕಾಗುವುದು ಏಪ್ರಿಲ್, ಮೇನಲ್ಲಿ. ಎತ್ತರದ ಹಿಮನದಿ ಚೆನ್ನಾಗಿ ಕರಗುವುದು ಜೂನ್ ಮೇಲೆ. ಈ ಅಂತರ ತುಂಬಲು ಲಡಾಖಿನ ಎಂಜಿನಿಯರ್ ಚೆವಾಂಗ್ ನೊರ್ಫೆಲ್ ಚಳಿಗಾಲದ ಹರಿವನ್ನು ನೆರಳಿನ ಕಣಿವೆಗಳಲ್ಲಿ ತಡೆದು ಗಡ್ಡೆಗಟ್ಟಿಸುವ ಕೃತಕ ಹಿಮನದಿಗಳನ್ನು ಮಾಡಿದರು. ಮುಂದೆ ಸೋನಮ್ ವಾಂಗ್‌ಚುಕ್ ‘ಐಸ್ ಸ್ತೂಪ’ ತಂದರು. ಮೇಲಿನ ತೊರೆಯಿಂದ ಪೈಪಿನಲ್ಲಿ ಇಳಿಸಿದ ನೀರು ತನ್ನ ಒತ್ತಡಕ್ಕೆ ತಾನೇ ಚಿಮ್ಮುತ್ತದೆ, ರಾತ್ರಿಯ ಚಳಿಗೆ ಹೆಪ್ಪುಗಟ್ಟಿ ಗೋಪುರದಂತೆ ಬೆಳೆಯುತ್ತದೆ. ಗೋಪುರದ ಆಕಾರಕ್ಕೆ ಬಿಸಿಲು ತಾಗುವ ಮೈ ಕಡಿಮೆ. ಹಾಗಾಗಿ ನಿಧಾನಕ್ಕೆ ಕರಗಿ, ಬಿತ್ತನೆ ಹೊತ್ತಿಗೆ ನೀರು ಕೊಡುತ್ತದೆ. ಪಂಪಿಲ್ಲ, ಕರೆಂಟಿಲ್ಲ.

ಹವೆ ಅಲ್ಲಿಯೂ ಹಳೆಯ ಮಾತಿಗೆ ನಿಲ್ಲುತ್ತಿಲ್ಲ. ಮಳೆಯೇ ಕಾಣದ ಊರೆಂದು ಮಣ್ಣಿನ ಗೋಡೆ, ಚಪ್ಪಟೆ ಛಾವಣಿಯ ಮನೆ ಕಟ್ಟಿಕೊಂಡಿದ್ದ ಲೇಹ್ ಮೇಲೆ 2010ರ ಆಗಸ್ಟ್ 5ರ ರಾತ್ರಿ ಮೇಘಸ್ಫೋಟವಾಯಿತು. ಕೆಸರಿನ ಪ್ರವಾಹಕ್ಕೆ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರು.

ತೇಜೂರಿನ ಸುಬೇದಾರ್

ಲಡಾಖಿನ ಉತ್ತರದ ತುದಿಯಲ್ಲಿ ಸಿಯಾಚಿನ್. ಬಾಲ್ಟಿ ಭಾಷೆಯಲ್ಲಿ ಆ ಹೆಸರಿಗೆ ಗುಲಾಬಿಗಳು ಹೇರಳವಾಗಿರುವ ಜಾಗ ಅಂತ ಅರ್ಥ. ಸುಮಾರು 76 ಕಿಲೋಮೀಟರ್ ಉದ್ದದ ಈ ಹಿಮನದಿಯ ಎತ್ತರಗಳನ್ನು ಭಾರತೀಯ ಸೇನೆ 1984ರ ಏಪ್ರಿಲ್ 13ರಂದು ‘ಆಪರೇಷನ್ ಮೇಘದೂತ’ದಲ್ಲಿ ವಶಕ್ಕೆ ತೆಗೆದುಕೊಂಡಿತು. ಅವತ್ತಿನಿಂದ ಅಲ್ಲಿ ಸೈನಿಕರಿಲ್ಲದ ದಿನವಿಲ್ಲ. ಮೈನಸ್ 50ಕ್ಕೆ ಇಳಿಯುವ ಚಳಿ, ಒಂದು ಚಳಿಗಾಲಕ್ಕೆ ಹತ್ತು ಮೀಟರ್ ದಾಟುವ ಹಿಮಪಾತ, ಕಾಲ ಕೆಳಗೆ ಹಿಮದಿಂದ ಮುಚ್ಚಿದ ಬಿರುಕುಗಳು. 2003ರ ನವೆಂಬರಿನಲ್ಲಿ ಕದನವಿರಾಮ ಬಂತು, ಗುಂಡು ನಿಂತಿತು. ಹವೆ ಕದನವಿರಾಮಕ್ಕೆ ಸಹಿ ಹಾಕಲಿಲ್ಲ. ಅಲ್ಲಿ ಶತ್ರುವಿನ ಗುಂಡಿಗಿಂತ ಹೆಚ್ಚು ಜೀವ ತೆಗೆದಿರುವುದು ಚಳಿ, ಎತ್ತರ ಮತ್ತು ಹಿಮಕುಸಿತ.

2016ರ ಫೆಬ್ರುವರಿ 3ರ ಬೆಳಗಿನ ಜಾವ. 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆ ಕುಸಿಯಿತು. 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಸೈನಿಕರು ಒಳಗೆ ಸಿಕ್ಕಿಬಿದ್ದರು. ಅವರಲ್ಲಿ ಮೂವರು ಕರ್ನಾಟಕದವರು. ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ್, ಮತ್ತು ನಮ್ಮ ಹಾಸನದ ತೇಜೂರಿನ ಸುಬೇದಾರ್ ನಾಗೇಶ್.

ಇಡೀ ದೇಶಕ್ಕೆ ನೆನಪಿರುವುದು ಹನುಮಂತಪ್ಪ. ಆರನೇ ದಿನ, ಸುಮಾರು 25 ಅಡಿ ಹಿಮದಡಿಯಿಂದ ಅವರನ್ನು ಜೀವಂತವಾಗಿ ತೆಗೆದಾಗ ಕನ್ನಡ ನಾಡಿನ ಊರೂರಲ್ಲಿ ಪೂಜೆ, ಪ್ರಾರ್ಥನೆ ನಡೆದವು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ನಾಗೇಶ್, ಮಹೇಶ್ ಸೇರಿ ಉಳಿದ ಒಂಬತ್ತು ಮಂದಿಯ ದೇಹಗಳಷ್ಟೇ ಸಿಕ್ಕಿದವು.

ಒಂದು ಮಾತನ್ನು ಇಲ್ಲಿ ನಿಂತು ಯೋಚಿಸಬೇಕು. ಇವರು ಪ್ರವಾಸಿಗರಲ್ಲ. ಸಿಯಾಚಿನ್‌ಗೆ ಹೋಗುವ ಪ್ರತಿ ಸೈನಿಕನೂ ತಳಶಿಬಿರದಲ್ಲಿ ತರಬೇತಿ ಪಡೆದು, ಹಂತಹಂತವಾಗಿ ಎತ್ತರಕ್ಕೆ ಒಗ್ಗಿಕೊಂಡು ಮೇಲೇರುತ್ತಾನೆ. ಅತ್ಯುತ್ತಮ ಉಡುಪು, ಹಗ್ಗ, ಜೊತೆಗಾರರು ಎಲ್ಲ ಇರುತ್ತಾರೆ. ಆದರೂ ಹಿಮ ತನ್ನ ಲೆಕ್ಕದಲ್ಲೇ ಕುಸಿಯುತ್ತದೆ. ಹಳೆಯ ಹಿಮದ ಪದರದ ಮೇಲೆ ಹೊಸ ಹಿಮ ಬೀಳುತ್ತದೆ, ಗಾಳಿ ಇನ್ನಷ್ಟು ಗುಡ್ಡೆ ಹಾಕುತ್ತದೆ. ನಡುವೆ ಎಲ್ಲೋ ಒಂದು ಸಡಿಲ ಪದರ ಇರುತ್ತದೆ. ಭಾರ ತಾಳದ ಕ್ಷಣದಲ್ಲಿ ಮೇಲಿನದ್ದೆಲ್ಲ ಜಾರುತ್ತದೆ. ಸುಮಾರು 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ ಇದು ಹೆಚ್ಚು.

ಜೂನ್‌ನಲ್ಲೂ ಹಿಮ

ಎಂಟು ವರ್ಷಗಳ ನಂತರದ ದುರಂತ ನಮ್ಮ ನಿಮ್ಮಂಥವರದ್ದು. 2024ರ ಮೇ ಕೊನೆಗೆ 22 ಜನರ ಚಾರಣ ತಂಡ ಉತ್ತರಾಖಂಡದ ಸಹಸ್ತ್ರ ತಾಲ್‌ಗೆ ಹೊರಟಿತು. ಬಹುಪಾಲು ಕರ್ನಾಟಕದವರು. ನಾಲ್ಕು ಸಾವಿರ ಮೀಟರ್ ಮೇಲಿನ ಸರೋವರಗಳ ದಾರಿ. ಜೂನ್ 3ರಂದು ವಾಪಸು ಬರುವಾಗ ಹಿಮಬಿರುಗಾಳಿ ಹಿಡಿಯಿತು. ದಾರಿ ಕಾಣಲಿಲ್ಲ, ಶಿಬಿರ ಮುಟ್ಟಲಾಗಲಿಲ್ಲ, ರಾತ್ರಿ ಬಯಲಲ್ಲೇ ಕಳೆಯಿತು. ಒಂಬತ್ತು ಮಂದಿ ಸತ್ತರು, 13 ಮಂದಿ ಬದುಕಿ ಬಂದರು. ರಾಜ್ಯ ಸರ್ಕಾರದಿಂದ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ನಿಂತರು.

ಅವರಲ್ಲಿ ಪರ್ವತ ಕಂಡಿದ್ದ ಅನುಭವಿಗಳೂ ಇದ್ದರು. ತಿಂಗಳು ಜೂನ್. ನಮ್ಮ ಕ್ಯಾಲೆಂಡರಿನಲ್ಲಿ ಅದು ಚಳಿಯ ತಿಂಗಳೇ ಅಲ್ಲ. ಪರ್ವತಕ್ಕೆ ಕ್ಯಾಲೆಂಡರ್ ಇರುವುದಿಲ್ಲ. ಅಲ್ಲಿ ಬೆಳಗ್ಗೆ ಬೇಸಿಗೆ, ಮಧ್ಯಾಹ್ನ ಮಳೆ, ಸಂಜೆಗೆ ಮಾಗಿ, ಎಲ್ಲವೂ ಒಂದೇ ದಿನ.

ದೇಹಕ್ಕೆ ಆಗೋದೇನು?

ಮೊದಲು ಗಾಳಿ. ಬೆವರು, ಮಳೆಯಲ್ಲಿ ಒದ್ದೆಯಾದ ಮೈಗೆ ಗಾಳಿ ಬೀಸಿದರೆ ಥರ್ಮಾಮೀಟರ್ ತೋರಿಸುವ ಅಂಕಿಗೆ ಅರ್ಥವಿಲ್ಲ. ಒಣಮೈಗೇ ಲೆಕ್ಕ ಹಾಕಿದರೂ ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಇದ್ದರೆ ಚರ್ಮಕ್ಕೆ ಅದು ಮೈನಸ್ 21ರಂತೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಅದರ ಗುರುತು ಜೊತೆಗಾರರಿಗೆ ಮೊದಲು ಕಾಣಬೇಕು: ನಾಲಿಗೆ ತೊದಲುತ್ತೆ, ಕೈ ತಡವರಿಸುತ್ತೆ, ಕಾಲು ಎಡವುತ್ತೆ, ಸುಮ್ಮಸುಮ್ಮನೆ ಸಿಡಿಮಿಡಿ. ನಡುಗುತ್ತಿದ್ದವನು ನಡುಗುವುದನ್ನು ನಿಲ್ಲಿಸಿದ ಅಂದರೆ ಸುಧಾರಿಸಿದ ಅಂತಲ್ಲ, ಕೈಮೀರುತ್ತಿದೆ ಅಂತ.

ಎರಡನೆಯದು ಉಸಿರು. ಎಲ್ಲ ಎತ್ತರದಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ 21 ಇದ್ದೇ ಇರುತ್ತೆ. ಗಾಳಿಯೇ ತೆಳ್ಳಗಾಗುವುದರಿಂದ ಒಂದು ಉಸಿರಿಗೆ ಸಿಗುವುದು ಕಡಿಮೆ. ಲೇಹ್‌ನಲ್ಲಿ ಸಮುದ್ರಮಟ್ಟದ ಸುಮಾರು ಮೂರನೇ ಎರಡು ಭಾಗ, ಸೋನಮ್ ಠಾಣೆಯ ಎತ್ತರದಲ್ಲಿ ಅರ್ಧಕ್ಕಿಂತ ಕಡಿಮೆ. ಬೆಳಗ್ಗೆ ಬೆಂಗಳೂರು ಬಿಟ್ಟವರು ಮಧ್ಯಾಹ್ನಕ್ಕೆ ವಿಮಾನದಲ್ಲಿ ಲೇಹ್ ಮುಟ್ಟಬಹುದು. ದೇಹ ಮುಟ್ಟೋಕೆ ಇನ್ನೂ ಎರಡು ಮೂರು ದಿನ ಬೇಕು. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಸೂಚನೆ. ಕೂತಲ್ಲೇ ಏದುಸಿರು, ಗೊರಗೊರ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ನೆಟ್ಟಗೆ ನಡೆಯಲಾಗದೆ ತೂರಾಡಿದರೆ, ಮಾತು ತಪ್ಪಿದರೆ ಮಿದುಳು ಬಾತಿರಬಹುದು. ಈ ಎರಡಕ್ಕೂ ಮೊದಲ ಚಿಕಿತ್ಸೆ ಕೆಳಗಿಳಿಯುವುದು. ‘ಬೆಳಗ್ಗೆ ನೋಡೋಣ’ ಅನ್ನಬಾರದು, ರಾತ್ರಿಯಾದರೂ ಇಳಿಸಬೇಕು.

ಮೂರನೆಯದು ಬಿಸಿಲು. ಚಳಿ ಇದೆ ಅಂದ ಮಾತ್ರಕ್ಕೆ ಬಿಸಿಲು ಸೌಮ್ಯವಲ್ಲ. ಸಾವಿರ ಮೀಟರ್ ಏರಿದಂತೆ ಅತಿನೇರಳೆ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತೆ. ಹೊಸ ಹಿಮ ಅದರ ಶೇ 80ರವರೆಗೆ ಕೆಳಗಿಂದ ಮತ್ತೆ ಮುಖಕ್ಕೇ ಎಸೆಯುತ್ತೆ. ಕಪ್ಪು ಕನ್ನಡಕ ಅಲ್ಲಿ ಸ್ಟೈಲ್ ಅಲ್ಲ, ಕಣ್ಣಿನ ಪಥ್ಯ.

ಅಡುಗೆಮನೆಗೂ ಇದರ ಬಿಸಿ ತಟ್ಟುತ್ತದೆ. ಹಾಸನದಲ್ಲಿ ನೀರು ಸುಮಾರು 97 ಡಿಗ್ರಿಗೆ ಕುದಿಯುತ್ತದೆ, ಲೇಹ್‌ನಲ್ಲಿ 88ರ ಹತ್ತಿರ. ಎಸರು ಕೊತಕೊತ ಕುದಿಯುತ್ತಿದ್ದರೂ ಬೇಳೆ ಬೇಯುವುದಿಲ್ಲ. ಕುಕ್ಕರ್ ಇಲ್ಲದೆ ಸಾರಿಲ್ಲ.

ಹೊರಡೋ ಮುಂಚೆ

ಹೋಗಬೇಡಿ ಅಂತ ಹೇಳೋಕೆ ಈ ಬರಹ ಅಲ್ಲ. ಹೋಗಿ ಬನ್ನಿ, ಆದರೆ ಬನ್ನಿ.

• ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ. ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ಮನಿರಿ. ಲೇಹ್‌ಗೆ ಹಾರಿ ಇಳಿದರೆ ಮೊದಲ ಎರಡು ದಿನ ಊರೊಳಗೇ ಇರಿ, ಮರುದಿನವೇ 5,359 ಮೀಟರಿನ ಖಾರ್ದುಂಗ್ ಲಾಗೆ ಬೈಕ್ ಹತ್ತಿಸಬೇಡಿ.

• ಮೈಗೆ ತಾಗುವ ಬಟ್ಟೆ ಹತ್ತಿಯದ್ದು ಬೇಡ. ಒದ್ದೆಯಾದ ಹತ್ತಿ ಮೈಬಿಸಿ ಹೀರುತ್ತದೆ. ಉಣ್ಣೆ ನೆನೆದರೂ ಒಂದಿಷ್ಟು ಕಾವು ಉಳಿಸಿಕೊಡುತ್ತೆ. ಜಡಿಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗಿಳಿಯುತ್ತಿದ್ದ ನಮ್ಮ ಅಜ್ಜಂದಿರಿಗೆ ಇದು ಗೊತ್ತಿತ್ತು. ಒಂದೇ ದಪ್ಪ ಜಾಕೆಟಿಗಿಂತ ಮೂರು ಪದರ ಒಳ್ಳೆಯದು. ಹೊರಗಿನದು ಗಾಳಿ, ನೀರು ತಡೆಯುವಂತಿರಲಿ.

• ಚಳಿಗೆ ‘ಒಂದು ಪೆಗ್’ ಅನ್ನೋದು ಶುದ್ಧ ಮೋಸ. ಅದು ಚರ್ಮದ ರಕ್ತನಾಳ ಹಿಗ್ಗಿಸಿ ಬೆಚ್ಚಗಾದ ಹಾಗೆ ತೋರಿಸುತ್ತೆ, ಒಳಗಿನ ಬಿಸಿಯನ್ನು ಹೊರಗೆ ಸುರಿಯುತ್ತೆ.

• ಬೆರಳು ಬಿಳಿಚಿ ಸ್ಪರ್ಶ ಕಳೆದುಕೊಂಡರೆ ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಜಾಗ ಮುಟ್ಟಿದ ಮೇಲೆ 37–39 ಡಿಗ್ರಿಯ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ವೈದ್ಯರ ಬಳಿ ಹೋಗಿ.

• ಎತ್ತರದ ಕಾಯಿಲೆಗೆ ಕೊಡುವ ಮಾತ್ರೆಗಳನ್ನು ಗೆಳೆಯರ ಮಾತು ಕೇಳಿ ನುಂಗಬೇಡಿ. ಬಿಪಿ, ಹೃದಯ, ಆಸ್ತಮಾ ಇರುವವರು ಟಿಕೆಟ್ ಬುಕ್ ಮಾಡುವ ಮೊದಲೇ ಡಾಕ್ಟರನ್ನು ಕಾಣಿ.

• ಕಾಲಿಗೆ ಅಭ್ಯಾಸ ಬೇಕೆಂದರೆ ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲಿವೆ. ಅದು ಕಾಲು, ಎದೆಯನ್ನು ಗಟ್ಟಿ ಮಾಡುತ್ತದೆ. ಎತ್ತರವನ್ನು ಕಲಿಸುವುದಿಲ್ಲ. ಫಿಟ್ ಇರುವವರು ಬೇಗ ಏರುತ್ತಾರೆ, ಹಾಗಾಗಿ ಬೇಗ ಕಾಯಿಲೆ ಬೀಳೋದೂ ಉಂಟು.

• ಎಲ್ಲಕ್ಕಿಂತ ದೊಡ್ಡದು ವಾಪಸು ತಿರುಗುವ ಗಂಟೆಯನ್ನು ಮೊದಲೇ ಗೊತ್ತು ಮಾಡಿಕೊಳ್ಳುವುದು. ಲೋಕಲ್ ಗೈಡ್ ‘ಇವತ್ತು ಬೇಡ’ ಅಂದರೆ ಬೇಡ. ರಜೆ ಮುಗಿಯುತ್ತೆ, ದುಡ್ಡು ಕೊಟ್ಟಾಗಿದೆ ಅನ್ನುವ ಲೆಕ್ಕ ಮೋಡಕ್ಕೆ ಗೊತ್ತಿಲ್ಲ.

ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಹಳ್ಳಿಗಳಿಂದ ಸೇನೆಗೆ ಹೋದ ಹುಡುಗರು ಆ ಎತ್ತರಕ್ಕೆ ಹೋಗುವುದು ಡ್ಯೂಟಿಗೆ. ನಾವು ಹೋಗುವುದು ಖುಷಿಗೆ. ಅವರಿಗೆ ವಾಪಸು ತಿರುಗುವ ಆಯ್ಕೆ ಇರುವುದಿಲ್ಲ, ನಮಗಿರುತ್ತದೆ. ಮೋಡ ಕಪ್ಪಾದಾಗ ಶಿಖರಕ್ಕೆ ಬೆನ್ನು ಮಾಡಿ ಇಳಿದು ಬಂದವರನ್ನು ಯಾರೂ ಅಂಜುಬುರುಕ ಅನ್ನುವುದಿಲ್ಲ. ಬೆಟ್ಟ ಎಲ್ಲಿಗೂ ಹೋಗಲ್ಲ. ಮನೆಯಲ್ಲಿ ಹಿತಕಿದ ಬೇಳೆ ಸಾರು ಮಾಡಿಕೊಂಡು ಕಾಯುವವರಿದ್ದಾರೆ ಅನ್ನೋದು ನೆನಪಿದ್ದರೆ ಸಾಕು.